ಒಲೆಯ ಮೇಲಿನ ಸ್ವಿಚ್ಚು

ನನಗೆ ಹಸಿವು ತಡೆಯುವುದಿಲ್ಲ. ಹಸಿದಾಗ ಯಾರ ಮಾತೂ ಕಿವಿಗೆ ಹೋಗುವುದಿಲ್ಲ, ಬಾಯಿಗೆ ಬಂದದ್ದನ್ನು ಅಂದುಬಿಡುತ್ತೇನೆ, ಊಟವಾದ ಮೇಲೆ ಹೋಗಿ ಸಮಾಧಾನ ಮಾಡುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ನಮ್ಮ ಆಫೀಸಿನ ನೆಟ್‌ವರ್ಕ್ ಯಾಕೆ ಕೆಡುತ್ತಿತ್ತು ಅಂತ ಕಂಡುಹಿಡಿದ ಕೀರ್ತಿ ನನ್ನ ತಲೆಗಿಂತ ಹೆಚ್ಚಾಗಿ ನನ್ನ ಹೊಟ್ಟೆಗೆ ಸಲ್ಲಬೇಕು.

ಏರ್‌ಪೋರ್ಟ್ ರಸ್ತೆಯನ್ನು ಕಂಬಗಳ ಮೇಲೆ ಎತ್ತುವ ಕೆಲಸ ನಡೆಯುತ್ತಿದ್ದ ಕಾಲ ಅದು. ನಾನು ವಿದ್ಯಾರಣ್ಯಪುರದಿಂದ ಬಸ್ಸು ಹತ್ತಿ ಕೊಡಿಗೇಹಳ್ಳಿಯ ಒಂದು ಸಣ್ಣ ಆಫೀಸಿಗೆ ಹೋಗುತ್ತಿದ್ದೆ. ಹೈಸ್ಕೂಲು ಮಕ್ಕಳಿಗೆ ಗೈಡು, ಮಾದರಿ ಪ್ರಶ್ನೆಪತ್ರಿಕೆಗಳ ಪುಸ್ತಕ ಇಂಥವನ್ನು ಟೈಪು ಮಾಡಿ, ಪುಟ ಜೋಡಿಸಿ, ತಿದ್ದಿ ಪ್ರೆಸ್ಸಿಗೆ ಕಳಿಸುವ ಕೆಲಸ. ಯಜಮಾನರು ರಿಟೈರಾದ ವಿಜ್ಞಾನದ ಮೇಷ್ಟ್ರು. ಅವರ ತಾಯಿಯ ಕಾಲದ ಹೆಂಚಿನ ಮನೆಯನ್ನೇ ಆಫೀಸು ಮಾಡಿದ್ದರು. ಹಜಾರದಲ್ಲಿ ನಾವು ಆರೇಳು ಜನ ಕಂಪ್ಯೂಟರುಗಳ ಮುಂದೆ, ಕೋಣೆಯಲ್ಲಿ ಕಾಗದದ ಕಟ್ಟುಗಳು, ಅಡಿಗೆಮನೆ ಮಾತ್ರ ಅಡಿಗೆಮನೆಯಾಗಿಯೇ ಉಳಿದಿತ್ತು.

ಅಡಿಗೆಮನೆಯಲ್ಲಿ ಅಕ್ಕ ಇದ್ದರು. ಮೇಷ್ಟ್ರ ತಾಯಿ ಬದುಕಿದ್ದಾಗಲೇ ಆ ಮನೆಗೆ ಅಡಿಗೆಗೆ ಬಂದವರು, ಅವರು ಹೋದ ಮೇಲೂ ಬರುತ್ತಲೇ ಇದ್ದರು. ಬೆಳಿಗ್ಗೆ ನಮಗೆ ಟೀ, ಮಧ್ಯಾಹ್ನ ಎಲ್ಲರಿಗೂ ಊಟ. ಸೊಪ್ಪಿನ ಬಸ್ಸಾರು, ಹುರುಳಿಕಾಳಿನ ಸಾರು, ಪಕ್ಕದಲ್ಲಿ ಬಿಸಿ ಮುದ್ದೆ. ನಾನು ಬೇರೆ ಕಡೆ ಹೆಚ್ಚು ಸಂಬಳದ ಕೆಲಸ ಬಂದರೂ ಹೋಗದೆ ಅಲ್ಲೇ ಇದ್ದದ್ದಕ್ಕೆ ಮನೆಯಲ್ಲಿ ನನ್ನ ಗಂಡ ಬೇರೆ ಬೇರೆ ಕಾರಣ ಊಹಿಸುತ್ತಿದ್ದರು. ಕಾರಣ ಆ ಬಸ್ಸಾರು.

ನಮ್ಮ ಕಂಪ್ಯೂಟರುಗಳಿಂದೆಲ್ಲ ಒಂದೊಂದು ವೈರು ಹೊರಟು ಒಂದು ಚಪ್ಪಟೆ ಡಬ್ಬಿಗೆ ಹೋಗಿ ಸೇರುತ್ತಿತ್ತು. ಅದೇ ನೆಟ್‌ವರ್ಕ್ ಸ್ವಿಚ್ಚು. ಪಾಠಗಳೆಲ್ಲ ಇದ್ದದ್ದು ಮೇಷ್ಟ್ರ ಮೇಜಿನ ಕೆಳಗಿನ ದೊಡ್ಡ ಕಂಪ್ಯೂಟರಿನಲ್ಲಿ. ನಾವು ಈ ಡಬ್ಬಿಯ ಮೂಲಕ ಅಲ್ಲಿಂದ ಪುಟ ತೆರೆದು ಕೆಲಸ ಮಾಡಿ ಅಲ್ಲಿಗೇ ಉಳಿಸಬೇಕು. ಡಬ್ಬಿ ನಿಂತರೆ ಎಲ್ಲರ ಪುಟಗಳೂ ನಿಂತ ಹಾಗೆ, ಉಳಿಸದೆ ಇದ್ದದ್ದು ಹೋದ ಹಾಗೆ. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ ಕಂಪ್ಯೂಟರಿನ ಹಿಂದಿನ ವೈರನ್ನು ಹೆದರದೆ ಮುಟ್ಟುವವಳು ಅಲ್ಲಿ ನಾನೊಬ್ಬಳೇ ಆದ್ದರಿಂದ ಡಬ್ಬಿಯ ಉಸ್ತುವಾರಿ ನನ್ನ ಕೊರಳಿಗೆ ಬಿತ್ತು.

ಮೊದಲು ಅದು ಹಜಾರದ ಈಶಾನ್ಯ ಮೂಲೆಯಲ್ಲಿ ಒಂದು ಸ್ಟೂಲಿನ ಮೇಲೆ ಇತ್ತು. ತನ್ನ ಪಾಡಿಗೆ ಮಿಣಮಿಣ ಅನ್ನುತ್ತಾ ಯಾರ ತಂಟೆಗೂ ಬರದೆ ಇತ್ತು. ಒಂದು ದಿನ ಮೇಷ್ಟ್ರ ಪರಿಚಯದ ವಾಸ್ತು ಪಂಡಿತರೊಬ್ಬರು ಬಂದರು. ಟೀ ಕುಡಿದು ಮನೆಯೆಲ್ಲ ಸುತ್ತಾಡಿ, ಆ ಡಬ್ಬಿಯ ಮುಂದೆ ನಿಂತು, "ಇದೇನ್ರೀ ಇಲ್ಲಿ? ಕರೆಂಟು ಅಂದ್ರೆ ಅಗ್ನಿ. ಈಶಾನ್ಯ ದೇವ್ರ ಮೂಲೆ. ಅಗ್ನೀನ ತಗೊಂಡ್ಹೋಗಿ ಆಗ್ನೇಯಕ್ಕೆ ಹಾಕಿ" ಅಂದರು. ಜೀವಮಾನವೆಲ್ಲ ವಿಜ್ಞಾನ ಪಾಠ ಮಾಡಿದ ಮೇಷ್ಟ್ರು ತಲೆಯಾಡಿಸಿದರು. ಬೆಂಗಳೂರಿನಲ್ಲಿ ಯಾವ ಮನೆಯಾದರೂ ಆಗ್ನೇಯದಲ್ಲಿ ಏನಿರುತ್ತದೆ? ಅಡಿಗೆಮನೆ ಇರುತ್ತದೆ. ಒಂದು ವಾರದೊಳಗೆ ನಮ್ಮ ಸ್ವಿಚ್ಚು ವೈರುಗಳ ಜಡೆ ಸಮೇತ ಅಕ್ಕನ ಒಲೆಯ ಮೇಲಿನ ಸಜ್ಜಕ್ಕೆ ಹತ್ತಿ ಕೂತಿತು.

ಅದು ಆಷಾಢ ಕಳೆದ ಮೇಲಿನ ಮಾತು. ಮಳೆ ಚಳಿಯಲ್ಲಿ ಏನೂ ತೊಂದರೆ ಇರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮೇಷ್ಟ್ರು ಸಜ್ಜದ ಕಡೆ ನೋಡಿ, ಒಗ್ಗರಣೆ ಹೊಗೆ ಡಬ್ಬಿಗೆ ಹತ್ತುತ್ತದೆ ಅಂತ ಮರುಕಪಟ್ಟು, ಬಡಗಿಯನ್ನು ಕರೆಸಿ ಸಜ್ಜಕ್ಕೆ ಪ್ಲೈವುಡ್ಡಿನ ಬಾಗಿಲು ಹಾಕಿಸಿದರು. ಒಳ್ಳೆಯ ಮನಸ್ಸಿನಿಂದಲೇ ಹಾಕಿಸಿದ್ದು. ಆಮೇಲೆ ಬೇಸಿಗೆ ಬಂತು, ನಮ್ಮ ಗ್ರಹಚಾರವೂ ಶುರುವಾಯಿತು.

ಮಧ್ಯಾಹ್ನ ಊಟಕ್ಕೆ ಸ್ವಲ್ಪ ಮುಂಚೆ, ಎಲ್ಲರೂ ಬಗ್ಗಿ ಕೆಲಸ ಮಾಡುತ್ತಿರುವಾಗ, ಹಜಾರದ ಯಾವುದಾದರೂ ಮೂಲೆಯಿಂದ "ಹೋಯ್ತು!" ಅಂತ ಕೂಗು ಬರುತ್ತಿತ್ತು. ಹಿಂದೆಯೇ ಇನ್ನೊಂದು ಮೂಲೆಯಿಂದ, ಮತ್ತೊಂದು ಮೂಲೆಯಿಂದ. ನಾನು ಎದ್ದು ಅಡಿಗೆಮನೆಗೆ ಓಡಿ, ಗೋಡೆಯ ಮೇಲೆ ಕೈಗೆಟುಕುವಲ್ಲಿದ್ದ ಪ್ಲಗ್ಗನ್ನು ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸಿಕ್ಕಿಸುತ್ತಿದ್ದೆ. ಒಮ್ಮೊಮ್ಮೆ ಬರುತ್ತಿತ್ತು. ಒಮ್ಮೊಮ್ಮೆ ಬಂದ ಹಾಗೆ ಮಾಡಿ ಮತ್ತೆ ಹೋಗುತ್ತಿತ್ತು. ಊಟ ಮುಗಿದು ನಾವು ಕೈತೊಳೆದು ಬಂದು ಕೂರುವಷ್ಟರಲ್ಲಿ ಮಾತ್ರ ತಾನಾಗಿಯೇ ಸರಿಹೋಗಿರುತ್ತಿತ್ತು. ಗಣಿತದ ಪುಟಗಳನ್ನು ಮಾಡುತ್ತಿದ್ದ ಹುಡುಗಿ ಒಂದು ಸಲ ರೇಖಾಗಣಿತದ ಚಿತ್ರಗಳನ್ನೆಲ್ಲ ಕಳೆದುಕೊಂಡು ಕೀಬೋರ್ಡಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು.

ನಾನು ಗೊತ್ತಿದ್ದದ್ದನ್ನೆಲ್ಲ ಮಾಡಿದೆ. ಒಂದೊಂದೇ ವೈರು ಕಿತ್ತು ನೋಡಿದೆ. ವೈರಿನ ತುದಿಯ ಪ್ಲಾಸ್ಟಿಕ್ ಕ್ಲಿಪ್ಪು ಮುರಿದು ಸಡಿಲವಾಗಿದ್ದವನ್ನು ಬದಲಾಯಿಸಿದೆ. ಒಂದು ಕಿಂಡಿಯಲ್ಲಿದ್ದದ್ದನ್ನು ಇನ್ನೊಂದು ಕಿಂಡಿಗೆ ಹಾಕಿದೆ. ಅಡಾಪ್ಟರು ಬದಲಾಯಿಸಿದೆ. ಇದನ್ನೆಲ್ಲ ಮಾಡುತ್ತಿದ್ದದ್ದು ಸಂಜೆ, ಕೆಲಸ ಮುಗಿದ ಮೇಲೆ, ಒಲೆ ತಣ್ಣಗಾಗಿ ಅಕ್ಕ ಮನೆಗೆ ಹೋದ ಮೇಲೆ. ಯಶವಂತಪುರದಿಂದ ಹಾರ್ಡ್‌ವೇರಿನವನೂ ಬರುತ್ತಿದ್ದದ್ದು ಸಂಜೆಯೇ. ಹೆಬ್ಬಾಳದ ಟ್ರಾಫಿಕ್ಕಿಗೆ ಶಾಪ ಹಾಕುತ್ತಾ ಬಂದು, ಸ್ಟೂಲು ಹತ್ತಿ, ಎಲ್ಲ ಮುಟ್ಟಿ ನೋಡಿ, "ಮೇಡಂ, ಎಲ್ಲಾ ಸರಿಯಾಗೇ ಇದೆ. ನೀವ್ ಸುಮ್ನೆ ಟೆನ್ಷನ್ ಮಾಡ್ಕೋತೀರ" ಅನ್ನುತ್ತಿದ್ದ. ಡಾಕ್ಟರ ಮನೆ ಬಾಗಿಲಿಗೆ ಬರುತ್ತಲೇ ಇಳಿದುಹೋಗುವ ಮಗುವಿನ ಜ್ವರದ ಹಾಗಿತ್ತು ನಮ್ಮ ಕಥೆ. ಕೊನೆಗೆ ಡಬ್ಬಿಯನ್ನೇ ಬದಲಾಯಿಸಿ ಹೊಸದು ಹಾಕಿದ. ಹೊಸದೂ ಮರುದಿನ ಮಧ್ಯಾಹ್ನ ಹೋಯಿತು.

ಹೊಸ ಡಬ್ಬಿಯೂ ಕೈಕೊಟ್ಟ ಮೇಲೆ ಮೇಷ್ಟ್ರಿಗೆ ಪಿತ್ತ ನೆತ್ತಿಗೇರಿತು. ಅವರದು ಕೂಗಾಡುವ ಜಾತಿಯ ಸಿಟ್ಟಲ್ಲ. ಹಜಾರದ ಮಧ್ಯೆ ನಿಂತು ಮೆಲ್ಲಗೆ, "ಈ ಮನೇಲಿ ಯಾವುದೋ ಒಂದು ವಸ್ತು ಇದಕ್ಕೆ ಕಾರಣ. ಅದು ಯಾವುದೇ ಆಗ್ಲಿ, ಗೊತ್ತಾದ ದಿನ ಹೊಸಲು ದಾಟಿಸ್ತೀನಿ" ಅಂದರು. ಅಂದ ಹಾಗೆ ಮಾಡಿಯೂ ತೋರಿಸಿದರು. ಫ್ರಿಜ್ಜಿನ ಮೋಟಾರು ಕರೆಂಟು ಎಳೆಯುತ್ತದೆ ಅಂತ ಯಾರೋ ಹೇಳಿದರು, ಫ್ರಿಜ್ಜು ಕೆಂಪಾಪುರದಲ್ಲಿದ್ದ ಅವರ ಮಗಳ ಮನೆಗೆ ಹೋಯಿತು. ಬೇಸಿಗೆಯಲ್ಲಿ ಹಾಲು ಒಡೆಯತೊಡಗಿತು. ಮಿಕ್ಸಿಯ ಮೇಲೆ ಅನುಮಾನ ಬಂತು, ಮಿಕ್ಸಿಯೂ ಹೋಯಿತು. ಅಕ್ಕ ಹಿತ್ತಿಲಿನ ಒರಳುಕಲ್ಲು ತೊಳೆದು ಮಸಾಲೆ ರುಬ್ಬತೊಡಗಿದರು. ಸ್ವಿಚ್ಚು ಮಾತ್ರ ತನ್ನ ಚಾಳಿ ಬಿಡಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತಿದೆ ಅಂತ ನಾನು ಗೊಣಗಿದೆ, ಮೇಷ್ಟ್ರಿಗೆ ಕೇಳದ ಹಾಗೆ.

ಒಂದು ವಿಚಿತ್ರ ಇತ್ತು. ಶನಿವಾರಗಳಲ್ಲಿ ಡಬ್ಬಿ ಒಂದು ಸಲವೂ ನಿಲ್ಲುತ್ತಿರಲಿಲ್ಲ. ಇದನ್ನು ಮೊದಲು ಗಮನಿಸಿದವರು ಮೇಷ್ಟ್ರೇ. ಶನಿವಾರ ಬೆಳಿಗ್ಗೆ ಅವರು ಆಂಜನೇಯನ ಪಟಕ್ಕೆ ತುಳಸಿ ಹಾಕಿ ದೀಪ ಹಚ್ಚುತ್ತಿದ್ದರು. ಅದರ ಫಲ ಅಂತ ತೀರ್ಮಾನವಾಗಿ, ಮಂಗಳವಾರವೂ ತುಳಸಿ ಹಾಕಲು ಶುರುಮಾಡಿದರು. ಮಂಗಳವಾರ ಡಬ್ಬಿ ಎಂದಿನ ಹಾಗೇ ನಿಂತಿತು. ಆಂಜನೇಯನಿಗೂ ವಾರಕ್ಕೊಂದೇ ದಿನ ಡ್ಯೂಟಿ ಇರಬೇಕು ಅಂತ ಗಣಿತದ ಹುಡುಗಿ ಅಂದಳು. ಪಾಪ, ಆ ಹುಡುಗಿಗೆ ಆಗಲೇ ದೇವರ ಮೇಲಿನ ಭಯವೂ ಹೋಗಿತ್ತು.

ಆಮೇಲೆ ಒಂದು ಬುಧವಾರ ಏಕಾದಶಿ ಬಂತು. ಅಕ್ಕನಿಗೆ ಶನಿವಾರ ಒಪ್ಪತ್ತು, ಏಕಾದಶಿಗೆ ಉಪವಾಸ. ಆ ದಿನಗಳಲ್ಲಿ ಅವರು ತಾವು ತಿನ್ನದ ಅನ್ನವನ್ನು ಬೇಯಿಸುತ್ತಿರಲಿಲ್ಲ. ನಮಗೂ ನೆನೆಸಿದ ಮೊಸರವಲಕ್ಕಿ. ನಾನು ತಟ್ಟೆ ಹಿಡಿದು ಕೂತು, ಇದು ಯಾವ ಹೊಟ್ಟೆಯ ಯಾವ ಮೂಲೆಗೆ ಸಾಲುತ್ತೆ ಅಂತ ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಶನಿವಾರ ಒಂದು ದಿನ ಸಹಿಸಿಕೊಳ್ಳುವುದೇ ಕಷ್ಟ, ಈಗ ವಾರದ ಮಧ್ಯೆಯೂ ಇದೇ ಅವಲಕ್ಕಿ ಅಂದುಕೊಂಡೆ. ಅಂದುಕೊಂಡವಳು ಚಮಚ ಬಾಯಿಗೆ ಹಾಕುವುದನ್ನೇ ನಿಲ್ಲಿಸಿದೆ. ಬುಧವಾರ. ಆಂಜನೇಯನ ದಿನವಲ್ಲ. ಯಾರೂ "ಹೋಯ್ತು" ಅಂದಿಲ್ಲ. ಶನಿವಾರಕ್ಕೂ ಈ ಬುಧವಾರಕ್ಕೂ ಇರುವ ನಂಟು ಒಂದೇ, ಅದು ನನ್ನ ತಟ್ಟೆಯಲ್ಲಿ ಇದೆ. ಇವತ್ತು ಅಕ್ಕ ಅನ್ನಕ್ಕೆ ಕುಕ್ಕರು ಇಟ್ಟಿಲ್ಲ, ಮುದ್ದೆಗೆ ಎಸರು ಇಟ್ಟಿಲ್ಲ.

ಮರುದಿನ ಕುಕ್ಕರು ಎರಡನೇ ಸಲ ಕೂಗಿದಾಗ ನಾನು ಎದ್ದು ಅಡಿಗೆಮನೆಗೆ ಹೋದೆ. ಹಜಾರದಲ್ಲಿ ಇನ್ನೂ ಯಾರೂ ಕೂಗಿರಲಿಲ್ಲ. ಒಂದು ಒಲೆಯಲ್ಲಿ ಕುಕ್ಕರು, ಇನ್ನೊಂದರಲ್ಲಿ ಸಾರಿಗೆ ಬೇಳೆ. ಅಕ್ಕ ಸೊಪ್ಪು ಬಿಡಿಸುತ್ತಿದ್ದರು. ನಾನು ಸ್ಟೂಲು ಎಳೆದು ಹತ್ತಿ ಸಜ್ಜದ ಬಾಗಿಲು ತೆಗೆದೆ. ಸ್ನಾನದ ಮನೆ ಬಾಗಿಲು ತೆಗೆದ ಹಾಗೆ ಮುಖಕ್ಕೆ ಬಿಸಿ ಹಬೆ ಬಡಿಯಿತು. ಡಬ್ಬಿಯ ಮೇಲೆ ಕೈಯಿಟ್ಟವಳು ತಕ್ಷಣ ತೆಗೆದೆ. ಗಾಳಿ ಆಡಲು ಬಿಟ್ಟಿದ್ದ ಸಣ್ಣ ತೂತುಗಳೆಲ್ಲ ಎಣ್ಣೆ ಜಿಡ್ಡಿನಿಂದ ಮುಚ್ಚಿಹೋಗಿದ್ದವು. ಅಷ್ಟು ಸಲ ಪ್ಲಗ್ಗು ಕಿತ್ತು ಹಾಕಿದವಳು ಡಬ್ಬಿಯನ್ನು ಒಲೆ ಉರಿಯುವ ಹೊತ್ತಿನಲ್ಲಿ ಒಂದು ಸಲವೂ ಮುಟ್ಟಿ ನೋಡಿರಲಿಲ್ಲ. ನನಗೆ ಎಂಥ ಖುಷಿಯಾಯಿತು ಅಂದರೆ, "ಸಿಕ್ತು!" ಅಂತ ಕೂಗಿಬಿಟ್ಟೆ.

"ಏನವ್ವ ಸಿಕ್ತು?" ಅಂದರು ಅಕ್ಕ ಕೆಳಗಿನಿಂದ.

ಆಗ ನನ್ನ ಖುಷಿ ಇಳಿಯಿತು. ಕಾರಣ ಯಾವುದೋ ಅದು ಹೊಸಲು ದಾಟುತ್ತದೆ. ಫ್ರಿಜ್ಜು ದಾಟಿತ್ತು, ಮಿಕ್ಸಿ ದಾಟಿತ್ತು. ಎರಡೂ ತಪ್ಪು ಮಾಡದೆ ದಾಟಿದ್ದವು. ಈಗ ನಿಜವಾದ ಕಾರಣ ಎರಡು ಉರಿ ಹಚ್ಚಿಕೊಂಡು ನನ್ನ ಕಣ್ಣೆದುರಿಗೇ ಇದೆ. ಗೈಡು ಪ್ರೆಸ್ಸಿಗೆ ಹೋಗುವ ದಿನ ಹತ್ತಿರ ಬಂದು ಮೇಷ್ಟ್ರು ನಿದ್ದೆಗೆಟ್ಟಿದ್ದರು. ಹತ್ತಿರದಲ್ಲೇ ಹೋಟೆಲು ಇದೆ, ಊಟ ತರಿಸೋಣ ಅನ್ನಲು ಅವರಿಗೆ ಎಷ್ಟು ಹೊತ್ತು ಬೇಕು?

ನಾನು ಸ್ಟೂಲಿನ ಮೇಲಿಂದ ಕೆಳಗಿನ ಉರಿಯನ್ನೇ ನೋಡಿದೆ. ಅಕ್ಕ ನನ್ನ ಮುಖ ನೋಡಿದರು, ತೆರೆದ ಬಾಗಿಲು ನೋಡಿದರು, ತಮ್ಮ ಒಲೆ ನೋಡಿದರು.

"ನನ್ ಒಲೆಯಿಂದ್ಲೇನವ್ವ?"

ಇಲ್ಲ ಅನ್ನಬಹುದಿತ್ತು. ಆ ಮುಖದ ಮುಂದೆ ಸುಳ್ಳು ಬರಲಿಲ್ಲ. "ಬಿಸಿ ಹತ್ತುತ್ತೆ ಅಕ್ಕ, ಅಷ್ಟೇ. ನಿಮ್ಮ ತಪ್ಪೇನೂ ಇಲ್ಲ" ಅಂದೆ.

ಅಕ್ಕ ಸೊಪ್ಪಿನ ಮೊರ ಪಕ್ಕಕ್ಕಿಟ್ಟು ಎದ್ದು ಎರಡೂ ಒಲೆ ಆರಿಸಿದರು. ಬೇಳೆ ಅರ್ಧ ಬೆಂದಿತ್ತು. ಅರ್ಧ ಬೆಂದದ್ದನ್ನು ಅವರು ಹಾಗೆ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಮೇಷ್ಟ್ರಿಗೆ ನೀನೇ ಯೇಳ್ಬುಡವ್ವ. ನನ್ ಬಾಯಾಗ್ ಬರಾಕಿಲ್ಲ" ಅಂದರು. ಆಮೇಲೆ ಒಲೆಯ ಕಡೆಗೇ ತಿರುಗಿಕೊಂಡು, "ನನ್ ಸೊಸೆ ಒಳ್ಳೇಳು ಕಣವ್ವ. ಕೂತ್ಕೋ ಅತ್ತೆ, ನಾನ್ ಮಾಡ್ತೀನಿ ಅಂತಾಳೆ. ಮನೇಲಿ ಒಂದ್ ಲೋಟ ನೀರ್ ಕಾಯ್ಸಾಕೂ ಬುಡಾಕಿಲ್ಲ. ಕೂತ್ಕೊಂಡ್ ಏನ್ ಮಾಡ್ಲಿ ನಾನು? ಈ ಮನೇಲಾದ್ರೆ ನಂದು ಅಂತ ಒಂದ್ ಒಲೆ ಐತೆ. ಅದ್ಕೇ ಬತ್ತೀನಿ" ಅಂದರು.

ಅಷ್ಟು ವರ್ಷ ಅವರ ಕೈಯ ಊಟ ಮಾಡಿದ್ದೆ. ಅವರು ಬರುತ್ತಿದ್ದದ್ದು ಸಂಬಳಕ್ಕೆ ಅಂತಲೇ ತಿಳಿದಿದ್ದೆ. ನನಗೆ ಮೇಷ್ಟ್ರ ಮೇಲೆ ಸಿಟ್ಟು ಬಂತು. ಅವರಿನ್ನೂ ಏನೂ ಅಂದಿರಲಿಲ್ಲ, ಆದರೂ ಬಂತು. ನನಗೆ ಹಸಿವೂ ಆಗಿತ್ತು.

ಹಜಾರ ದಾಟಿ ಅವರ ಮೇಜಿಗೆ ಹೋಗುವಾಗ ಮನಸ್ಸಿನಲ್ಲಿ ವಾದ ಜೋಡಿಸಿಕೊಂಡೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ವಾಸ್ತು ಸುಳ್ಳು ಅಂದರೆ ಅವರಿಗೆ ಮುಖಭಂಗ, ಒಲೆ ಕಾರಣ ಅಂದರೆ ಅಕ್ಕನ ಕಥೆ ಮುಗಿಯಿತು. ಆದ್ದರಿಂದ ವಾಸ್ತುವನ್ನೇ ಹಿಡಿದೆ.

"ಸಾರ್, ಕಾರಣ ಸಿಕ್ತು" ಅಂದೆ.

ಮೇಷ್ಟ್ರು ತಿದ್ದುತ್ತಿದ್ದ ಪುಟದ ಮೇಲೆ ಕೆಂಪು ಪೆನ್ನು ಇಟ್ಟು ಕನ್ನಡಕ ಮೇಲಕ್ಕೆ ಸರಿಸಿದರು. "ಯಾವುದಮ್ಮ?"

"ಸಾರ್, ಕರೆಂಟು ಅಗ್ನಿ ಅನ್ನೋದು ಸರಿ. ಆದ್ರೆ ಈ ಡಬ್ಬಿ ಮಾಡೋ ಕೆಲ್ಸ ಸುದ್ದಿ ಸಾಗಿಸೋದು. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ. ಅದು ವಾಯುವಿನ ಕೆಲ್ಸ ಅಲ್ವಾ ಸಾರ್? ಅದು ಇರ್ಬೇಕಾದ್ದು ವಾಯವ್ಯದಲ್ಲಿ. ವರಾಂಡದ ಕಿಟಕಿ ಹತ್ರ. ತಣ್ಣಗೂ ಇರುತ್ತೆ. ನಾವು ಆಗ್ನೇಯದಲ್ಲಿಟ್ಟು..."

ನನ್ನ ಮಾತು ಮುಗಿಯುವ ಮೊದಲೇ ಅವರು ಎದ್ದರು. ಪಂಚೆ ಎತ್ತಿ ಕಟ್ಟಿ ನೇರವಾಗಿ ಅಡಿಗೆಮನೆಗೆ ನಡೆದರು. ನಾನು ಹಿಂದೆ ಓಡಿದೆ. "ಸಾರ್, ನೀವ್ ಹತ್ಬೇಡಿ ಸಾರ್" ಅನ್ನುತ್ತಿದ್ದ ಹಾಗೆಯೇ ಸ್ಟೂಲು ಹತ್ತಿಯೂ ಬಿಟ್ಟರು. ನಾನು ಎರಡೂ ಕೈಯಲ್ಲಿ ಸ್ಟೂಲು ಹಿಡಿದುಕೊಂಡೆ. ಅಕ್ಕ ಗೋಡೆಗೆ ಒರಗಿ, ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ಮೇಷ್ಟ್ರು ಡಬ್ಬಿಯ ಮೇಲೆ ಅಂಗೈ ಇಟ್ಟರು. ನನ್ನ ಹಾಗೆ ತಕ್ಷಣ ತೆಗೆಯಲಿಲ್ಲ, ಸ್ವಲ್ಪ ಹೊತ್ತು ಹಾಗೇ ಇಟ್ಟು ನೋಡಿದರು. ಪ್ಲೈವುಡ್ಡಿನ ಬಾಗಿಲನ್ನು ಒಳಗಿನಿಂದ ಮುಟ್ಟಿದರು. ಬಗ್ಗಿ ಕೆಳಗೆ ಆರಿದ ಒಲೆ ನೋಡಿದರು, ಅದರ ಮೇಲಿನ ಅರ್ಧ ಬೆಂದ ಬೇಳೆ ನೋಡಿದರು, ಅಕ್ಕನನ್ನು ನೋಡಿದರು. ನಾನು ಸ್ಟೂಲನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ.

"ಬಿಸಿ ಗಾಳಿ ಮೇಲಕ್ಕೆ ಹೋಗುತ್ತೆ" ಅಂದರು ಮೇಷ್ಟ್ರು. ಪಾಠ ಮಾಡುವ ಧ್ವನಿ. "ಬದುಕೆಲ್ಲ ಇದನ್ನೇ ಮಕ್ಕಳಿಗೆ ಹೇಳಿಕೊಟ್ಟೆ. ಬೋರ್ಡ್ ಮೇಲೆ ಬಾಣದ ಗುರುತು ಹಾಕಿ ತೋರಿಸ್ತಿದ್ದೆ. ಈಗ ನೋಡಮ್ಮ, ನಾನೇ ಅದಕ್ಕೆ ಬಾಗಿಲು ಬೇರೆ ಹಾಕಿಸಿದೀನಿ."

ನಗಬೇಕೋ ಬೇಡವೋ ತಿಳಿಯದೆ ನಾನು ಬಾಯಿ ಬಿಗಿಹಿಡಿದೆ.

"ವಾಯವ್ಯ ಅಂದ್ಯಲ್ಲ, ಅದನ್ನ ಯಾರು ಹೇಳಿಕೊಟ್ರು ನಿಂಗೆ?"

"ಯಾರೂ ಇಲ್ಲ ಸಾರ್. ಈಗ್ಲೇ ಹೊಳೀತು."

"ಪಂಡಿತರಿಗಿಂತ ಚೆನ್ನಾಗಿ ಹೇಳ್ದೆ" ಅಂದು, ಕೈ ಚಾಚಿ ಗೋಡೆಯ ಪ್ಲಗ್ಗನ್ನು ಕಿತ್ತುಬಿಟ್ಟರು.

ಹಜಾರದಿಂದ ಗಣಿತದ ಹುಡುಗಿಯ ಕೂಗು ಬಂತು: "ಹೋಯ್ತು!"

"ಹೋಗ್ಲಿ ಬಿಡಮ್ಮ, ಈ ಸಲ ನಾನೇ ತೆಗ್ದಿದ್ದು!" ಅಂತ ಮೇಷ್ಟ್ರು ಸಜ್ಜದೊಳಗೆ ತಲೆ ಹಾಕಿಕೊಂಡೇ ಕೂಗಿದರು. ವೈರುಗಳನ್ನೆಲ್ಲ ಬಿಡಿಸಿ, ಹೆಗಲ ಮೇಲಿದ್ದ ಟವಲಿನಲ್ಲಿ ಡಬ್ಬಿಯನ್ನು ಸುತ್ತಿ ಹಿಡಿದುಕೊಂಡು ಕೆಳಗಿಳಿದರು. ಬಿಸಿಗೆ ಕೈಯಿಂದ ಕೈಗೆ ಬದಲಾಯಿಸುತ್ತಾ ಅಡಿಗೆಮನೆಯ ಹೊಸಲು ದಾಟಿ ವರಾಂಡದ ಕಡೆ ಹೋದರು. ಹೋಗುತ್ತಾ ಹಾರ್ಡ್‌ವೇರಿನವನಿಗೆ ಫೋನು ಮಾಡಿ ಉದ್ದದ ವೈರು ತರಲು ಹೇಳು ಅಂತ ನನಗೆ ಅಪ್ಪಣೆಯಾಯಿತು. ಒಲೆಯ ವಿಷಯ ಅವರು ಎತ್ತಲೇ ಇಲ್ಲ. ಒಲೆಯನ್ನು ತೆಗೆಯಬಹುದು ಅನ್ನುವ ಯೋಚನೆ ಅವರ ತಲೆಗೆ ಬಂದೇ ಇರಲಿಲ್ಲ ಅಂತ ಕಾಣುತ್ತದೆ. ಅದು ಅವರ ತಾಯಿ ಅಡಿಗೆ ಮಾಡುತ್ತಿದ್ದ ಜಾಗ. ನಾವಿಬ್ಬರೇ ಸುಮ್ಮನೆ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆವು.

ನನಗೆ ಅಬ್ಬಾ ಅನ್ನಿಸಿತು. ಅದೇ ಸ್ಟೂಲಿನ ಮೇಲೆ ಕೂತೆ.

"ಅಕ್ಕ, ಡಬ್ಬಿ ಹೋಯ್ತು. ಒಲೆ ಇಲ್ಲೇ ಇರುತ್ತೆ" ಅಂದೆ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಒರೆಸಿದಷ್ಟೂ ಮತ್ತೆ ಒದ್ದೆಯಾಗುತ್ತಿತ್ತು. ಕಡ್ಡಿ ಗೀರಿ ಎರಡು ಒಲೆಯನ್ನೂ ಹಚ್ಚಿದರು. ಬೇಳೆಗೆ ಒಂದು ಲೋಟ ಬಿಸಿನೀರು ಹಾಕಿ ತಿರುವಿದರು. ಆಮೇಲೆ ನನ್ನ ಕಡೆ ತಿರುಗಿ, ನಾನು ಆ ಮನೆಗೆ ಬಂದಾಗಿನಿಂದ ಒಂದು ದಿನವೂ ಕೇಳದ ಮಾತು ಕೇಳಿದರು.

"ಇವತ್ತು ಊಟಕ್ಕೆ ಎಷ್ಟ್ ಜನ ಅವ್ವ?"

ದಿನಾ ಇರುವಷ್ಟೇ ಜನ. ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕೇಳಿದರು, ನಾನೂ ಒಬ್ಬೊಬ್ಬರ ಹೆಸರನ್ನೇ ಹೇಳುತ್ತಾ ಬೆರಳು ಮಡಿಸಿ ಲೆಕ್ಕ ಕೊಟ್ಟೆ. ಅವರು ಪ್ರತಿ ಹೆಸರಿಗೂ ಹೂಂ ಅನ್ನುತ್ತಾ, ಅನ್ನದ ಕುಕ್ಕರು ಇಳಿಸಿ ಮುದ್ದೆಗೆ ಎಸರು ಇಟ್ಟರು.